ವೈಹು ತೀರದ ಏಳು ಕವಡೆಗಳು

ನನ್ನ ಸೋದರತ್ತೆ ಅಮೆಲಿಯಾ ತೆಪಿಹೆ ಹುಟ್ಟುವ ಮೊದಲೇ ಹಂಗಾ ರೋವಾ ಊರಿನ ಸುತ್ತ ಕಲ್ಲಿನ ಗೋಡೆ ಎದ್ದಿತ್ತು. ಗೋಡೆಯಾಚೆಯ ರಾಪಾ ನೂಯಿ ದ್ವೀಪವೆಲ್ಲ ಕುರಿ ಸಾಕುವ ಕಂಪನಿಯ ಪಾಲು. ಆಚೆ ಕಾಲಿಡಲು ನಮಗೆ ಕಂಪನಿಯ ಅಪ್ಪಣೆ ಚೀಟಿ ಬೇಕಿತ್ತು.

ಅತ್ತೆ ಪುರೆ ಸರ ಪೋಣಿಸುವುದರಲ್ಲಿ ಗಟ್ಟಿಗಿತ್ತಿ. ಪುರೆಯೆಂದರೆ ನಮ್ಮ ಕಡಲಿನ ಕವಡೆ. ಕಡುಕಂದು ಬೆನ್ನು, ಅದರ ಮೇಲೆ ಹಿಟ್ಟು ಉದುರಿದಂಥ ಬಿಳಿ ಚುಕ್ಕಿ. ಗೋಡೆಯಾಚೆಯ ವೈಹು ತೀರದಲ್ಲಿ ಬಾಳಿದ್ದ ನನ್ನ ಅಜ್ಜಿ, ಅತ್ತೆಯ ತಾಯಿ, ಹಾಸಿಗೆ ಹಿಡಿದ ಮೇಲೆ ಅತ್ತೆಗೆ ಒಂದೇ ಮಾತು ಹೇಳುತ್ತಿದ್ದಳು.

"ಸತ್ತ ಮೇಲೆ ನನ್ ಕೊರಳಿಗೆ ವೈಹು ಪುರೇನೇ ಹಾಕ್ಬೇಕು ಕಣೇ. ಅಲ್ಲಿಂದ ನಮ್ಮನ್ನ ಅಟ್ಟಿದಾಗ ಒಂದು ಚಿಪ್ಪೂ ತರೋಕಾಗ್ಲಿಲ್ಲ."

ಅತ್ತೆ ಚೀಟಿಗಾಗಿ ಮೂರು ದಿನ ಕಂಪನಿಯ ಕಚೇರಿಯ ಮುಂದೆ ನಿಂತಳು. ಮೂರು ದಿನವೂ "ನಾಳೆ ಬಾ" ಎಂದರು. ನಾಲ್ಕನೆಯ ಬೆಳಗ್ಗೆ ಗೋಡೆ ಹತ್ತಿ ಆಚೆಗೆ ಇಳಿದೇಬಿಟ್ಟಳು.

ವೈಹು ತಲುಪಿದಾಗ ಕಡಲು ಹಿಂದೆ ಸರಿದಿತ್ತು. ಕಲ್ಲುಗಳ ಅಡಿಯಲ್ಲಿ ತಡಕಿ ಏಳು ಪುರೆ ಹೆಕ್ಕಿದಳು. ಎಂಟನೆಯದಕ್ಕೆ ಸಂದಿಗೆ ಕೈ ತೂರಿಸಿದಾಗ ಮೇಲಿನ ಬಂಡೆ ಜಾರಿ ಮಣಿಕಟ್ಟಿನ ಮೇಲೆ ಕೂತಿತು. ಎಳೆದಷ್ಟೂ ಚರ್ಮ ಸುಲಿಯಿತೇ ಹೊರತು ಕೈ ಬರಲಿಲ್ಲ. ನೀರು ಏರತೊಡಗಿತು. ದೂರದಲ್ಲಿ ಕಾವಲಿನ ಕುದುರೆ ಕಾಣುತ್ತಿತ್ತು. ಕೂಗಿದರೆ ಸಿಕ್ಕಿಬೀಳುವಳು, ಕೂಗದಿದ್ದರೆ ಮುಳುಗುವಳು. ನೀರು ಎದೆಗೆ ಬರುವತನಕ ಹಲ್ಲು ಕಚ್ಚಿ ಕೂತಿದ್ದವಳು ಕೊನೆಗೆ ಕೂಗಿದಳು.

ಬಂದವನು ಅವಳ ಮೈದುನ ಇಸಾಯಾಸ್. ಕುರಿ ಕಾಯುವ ಕೆಲಸಕ್ಕೆ ಸೇರಿದ್ದ.

"ಅತ್ತಿಗೇ! ನಿಮಗೇನು ತಲೆ ಕೆಟ್ಟಿದೆಯಾ?"

"ಬೈಯೋದನ್ನ ಆಮೇಲೆ ಬೈಯಪ್ಪ, ಮೊದಲು ಬಂಡೆ ಎತ್ತು."

ಮರದ ಕೋಲು ಕೊಟ್ಟು ಬಂಡೆ ಮೀಟಿದ. ಕೈ ಬಿಡುಗಡೆಯಾಯಿತು, ಎರಡು ಬೆರಳು ಜಜ್ಜಿಹೋಗಿದ್ದವು.

"ನೀನು ನನ್ನ ನೋಡಲೇ ಇಲ್ಲ ಅಂತ ಹೇಳೋ."

"ಗುಡ್ಡದ ಮೇಲೆ ಕಂಪನಿ ಸಾಹೇಬರು ನಿಂತಿದ್ದಾರೆ ಅತ್ತಿಗೆ. ನೀವು ಕೂಗಿದ್ದು ಅವರಿಗೂ ಕೇಳ್ತು." ಅವನು ತಲೆ ಎತ್ತಲಿಲ್ಲ. "ಚಿಪ್ಪು ಬಾಯಲ್ಲಿ ಇಟ್ಕೊಳ್ಳಿ. ಅಲ್ಲಿ ಹುಡುಕಲ್ಲ."

ಸಾಹೇಬರು ಏನು ಕೇಳಿದರೂ ಅತ್ತೆ ತುಟಿ ಬಿಚ್ಚಲಿಲ್ಲ. "ಮೂಗಿಯೇನೋ ಇವಳು?" ಎಂದರಂತೆ. "ಹೆದರಿದಾಳೆ ಸ್ವಾಮಿ" ಎಂದ ಇಸಾಯಾಸ್. ಹದಿನೈದು ದಿನ ಗೋಡೆಗೆ ಕಲ್ಲು ಹೊರುವ ಶಿಕ್ಷೆಯಾಯಿತು. ಜಜ್ಜಿದ ಕೈಗೆ ಬಟ್ಟೆ ಸುತ್ತಿಕೊಂಡು, ತಮ್ಮ ಊರನ್ನೇ ಮುಚ್ಚುವ ಕಲ್ಲುಗಳನ್ನು ಹೊತ್ತಳು.

ಆರನೆಯ ದಿನ ಅಜ್ಜಿ ತೀರಿಕೊಂಡಳು. ಏಳು ಪುರೆ ಕೊರಳಿಗೆ ಸಾಲಲಿಲ್ಲ. ಅತ್ತೆ ಅವನ್ನು ಅಜ್ಜಿಯ ಮುಂಗೈಗೆ ಕಟ್ಟಿದಳು. ಮರುದಿನ ಮತ್ತೆ ಕಲ್ಲು ಹೊರಲು ಹೋದಳು.

ಆ ಬೆರಳುಗಳನ್ನು ಮತ್ತೆ ಮಡಚಲಾಗಲಿಲ್ಲ, ಸರ ಪೋಣಿಸುವುದೂ ನಿಂತಿತು. ಎಷ್ಟೋ ವರ್ಷಗಳ ಮೇಲೆ ಗೋಡೆಯ ಕಟ್ಟುಪಾಡು ರದ್ದಾದಾಗ ನಾನು ಅವಳನ್ನು ಕುದುರೆಯ ಮೇಲೆ ವೈಹುವಿಗೆ ಕರೆದೊಯ್ದೆ. ತುಸು ಹೊತ್ತು ಕತ್ತು ತಿರುಗಿಸಿ ತಿರುಗಿಸಿ, ಅಂದು ಸಾಹೇಬರು ನಿಂತಿದ್ದ ಗುಡ್ಡದ ಕಡೆಯೇ ನೋಡುತ್ತ ಕೂತಳು.

"ನಡಿಯೇ, ಮನೆಗೆ ಹೋಗೋಣ. ಇಲ್ಲಿ ಉಸಿರು ಕಟ್ಟುತ್ತೆ," ಎಂದಳು.

ಆಮೇಲೆ ಹನ್ನೊಂದು ವರ್ಷ ಬದುಕಿದಳು. ಊರು ಬಿಟ್ಟು ಹೊರಗೆ ಹೋಗಲೇ ಇಲ್ಲ.