ಫಿಟ್ಟರಜ್ಜನ ಕನ್ನಡಿ

ಅವರ ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟಗಿತ್ತು. ಕೂಡಿಕೊಂಡ ಮೂಳೆ ಚರ್ಮದಡಿ ಗಂಟಾಗಿ ಎದ್ದು ಕಾಣುತ್ತಿತ್ತು. ಅದನ್ನು ಮುರಿದವನು ನಾನು.

ಚಿಕ್ಕಜಾಜೂರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಊರಿಗೆಲ್ಲ ಫಿಟ್ಟರಜ್ಜ. ದಪ್ಪ ಗಾಜಿನ ಬಿಲ್ಲೆಯನ್ನು ತಿಂಗಳುಗಟ್ಟಲೆ ಕೈಯಲ್ಲೇ ಉಜ್ಜಿ ಕನ್ನಡಿ ಮಾಡಿ, ಪ್ಲೈವುಡ್ ಕೊಳವೆಗೆ ಕೂರಿಸಿ ಟೆಲಿಸ್ಕೋಪ್ ಕಟ್ಟಿದ್ದರು. ಹಗಲೆಲ್ಲ ಕಾದ ಗಾಜು ತಣಿಯದಿದ್ದರೆ ನಕ್ಷತ್ರ ಕದಡಿದಂತೆ ಕಾಣುತ್ತದೆಂದು, ಹಳೇ ಕಂಪ್ಯೂಟರಿನಿಂದ ಬಿಚ್ಚಿದ ಎರಡು ಫ್ಯಾನ್‌ಗಳನ್ನು ಅದರ ಬೆನ್ನಿಗೆ ಹಾಕಿದ್ದರು. ಇಳಿಹೊತ್ತಿಗೆ ತಾರಸಿಯ ಮೇಲೆ ಕೊಳವೆ ಮಲಗಿಸಿ, ಫ್ಯಾನ್ ತಿರುಗಲು ಬಿಟ್ಟು ಚಹಾಕ್ಕೆ ಇಳಿಯುವುದು ಅವರ ರೂಢಿ.

ಕೊಳವೆಯ ಬಾಯಿ ನಮ್ಮ ಬಚ್ಚಲಿನ ಕಡೆಗಿತ್ತು. ಅಜ್ಜ ಅದರಲ್ಲಿ ನನ್ನ ಹೆಂಡತಿ ಸ್ನಾನ ಮಾಡುವುದನ್ನು ನೋಡುತ್ತಾರೆಂದು ಯಾರೋ ಚಾಡಿ ಹೇಳಿದರು. ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಕೈ ಮೊದಲು, ಮಾತು ಆಮೇಲೆ. ಹಾಕಿ ಕೋಲು ಹಿಡಿದು ಅವರ ಮೆಟ್ಟಿಲು ಹತ್ತಿದೆ.

"ತಣೀಲಿ ಅಂತ ಇಟ್ಟಿದೀನಿ ಮೇಷ್ಟ್ರೇ, ಯಾರ್ನೂ ನೋಡಾಕಲ್ಲ" ಎಂದರು.

ಮೊದಲ ಏಟಿಗೆ ಪ್ಲೈವುಡ್ ಸೀಳಿತು. ಎರಡನೆಯದಕ್ಕೆ ಅವರು ಕನ್ನಡಿಗೆ ಕೈ ಅಡ್ಡ ಕೊಟ್ಟರು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಆದರೂ ನಿಲ್ಲದೆ ಕೊಳವೆಯನ್ನು ಒದ್ದು ಕೆಳಗುರುಳಿಸಿದೆ. ಅಂಗಳದ ಚಪ್ಪಡಿ ಮೇಲೆ ಕನ್ನಡಿ ಚೂರಾಯಿತು. ಅವರು ತಾರಸಿಯ ಅಂಚಿನಲ್ಲಿ ಬಗ್ಗಿ ಚೂರುಗಳನ್ನೇ ನೋಡುತ್ತಿದ್ದರು. ಬೆರಳುಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಕೊಳವೆ ಬಿಟ್ಟು ಅಜ್ಜ ಕೆಳಗಿಳಿಯುವುದನ್ನು ನನ್ನ ಹೆಂಡತಿ ದಿನವೂ ಕಂಡಿದ್ದಳಂತೆ. ನನ್ನೊಡನೆ ಮಾತು ಬಿಟ್ಟಳು. ಪೊಲೀಸರಿಗೆ ಅಜ್ಜ ಮೆಟ್ಟಿಲಲ್ಲಿ ಜಾರಿದೆನೆಂದು ಹೇಳಿದ್ದರು.

ಪಟ್ಟಿ ಬಿಚ್ಚಿದ ವಾರ ಅವರೇ ಕರೆದರು. "ಹೊಸ ಗಾಜು ಬಂದೈತೆ. ಈ ಕೈಯಾಗೆ ಉಜ್ಜಾಕಾಗಲ್ಲ. ನಿಮ್ಮ ಕೈಯಾಗೆ ಬಲ ಐತಲ್ಲ, ಬರ್ರಿ."

ಏಳು ತಿಂಗಳು ದಿನಾ ಸಂಜೆ ಉಜ್ಜಿದೆ. ಒಮ್ಮೆ ಹಿಂತಿರುಗಿ ನೋಡಿದರೆ, ಎಡಗೈಯಲ್ಲಿ ಸುತ್ತಿಗೆ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದರು. ಮುಖ ಬೆವೆತಿತ್ತು.

"ಅವತ್ತು ನಿಮ್ಮನ್ನ ಕೊಂದುಬಿಡಬೇಕು ಅನ್ನಿಸ್ತು. ಒಂದೊಂದು ದಿನ ಈಗ್ಲೂ ಅನ್ನಿಸ್ತೈತೆ." ಸುತ್ತಿಗೆಯನ್ನು ನೆಲಕ್ಕಿಟ್ಟರು. "ಉಜ್ಜ್ರಿ."

ಕನ್ನಡಿ ಮುಗಿದ ದಿನ, ಫ್ಯಾನ್ ಹಾಕಿ ತಣಿಸಿ, ಮೊದಲು ನನ್ನ ಹೆಂಡತಿಯನ್ನೇ ಕರೆದು ಶನಿಯ ಬಳೆ ತೋರಿಸಿದರು. ಆಮೇಲೆ ನಾಲ್ಕು ವರ್ಷ ಅವರ ತಾರಸಿಯಲ್ಲಿ ನನಗೂ ಒಂದು ಸ್ಟೂಲ್ ಇತ್ತು. 'ತಪ್ಪಾಯ್ತು' ಎಂಬ ಒಂದು ಮಾತನ್ನು ಮಾತ್ರ ಇಂದು, ನಾಳೆ ಎಂದು ಮುಂದೂಡಿದೆ. ಅವರೂ ಕೇಳಲಿಲ್ಲ.

ಹೋದ ವರ್ಷ ಎದೆನೋವೆಂದು ಮಲಗಿದವರು ಏಳಲಿಲ್ಲ. ಚಟ್ಟಕ್ಕೆ ಹೆಗಲು ಕೊಡುವ ಮುಂಚೆ ಬಗ್ಗಿ ಆ ಮಾತು ಹೇಳಿದೆ. ಅಷ್ಟರಲ್ಲಿ ಕಿವಿಗೆ ಹತ್ತಿ ಇಟ್ಟಾಗಿತ್ತು.