ನಾಲ್ಕು ಬೆರಳು ತಗ್ಗು

ನನ್ನ ಅಕ್ಕನ ಗಂಡನನ್ನು ವಿಮಾನ ನಿಲ್ದಾಣದಲ್ಲಿ ಎಲ್ಲರೂ ಏಣಿಯಣ್ಣ ಎನ್ನುತ್ತಿದ್ದರು. ಬಂದು ನಿಂತ ವಿಮಾನದ ಬಾಗಿಲಿಗೆ ಗಾಲಿ ಏಣಿಯನ್ನು ತಳ್ಳಿಕೊಂಡು ಹೋಗಿ ಹೊಂದಿಸುವುದು ಅವರ ಕೆಲಸ. ಗಂಡ ತೀರಿಕೊಂಡು ನಾನು ಅಕ್ಕನ ಮನೆ ಸೇರಿದ ದಿನ, "ಬಂದ್ಯಾ? ಒಳ್ಳೇದಾಯ್ತು. ಇನ್ಮೇಲೆ ನಿಮ್ಮಕ್ಕನ ಬೈಗುಳದಲ್ಲಿ ಅರ್ಧ ನಿಂಗೆ" ಎಂದರು. ಎಷ್ಟು ದಿನ ಇರುತ್ತೀ ಎಂದು ಯಾವತ್ತೂ ಕೇಳಲಿಲ್ಲ.

ಆಗ ಬರುತ್ತಿದ್ದುದೆಲ್ಲ ಪುಟ್ಟ ವಿಮಾನಗಳು. ಏಣಿಯ ಮೇಲಿನ ಹಲಗೆ ಬಾಗಿಲ ಹೊಸ್ತಿಲಿಗೆ ಸಮನಾಗಿ ನಿಲ್ಲಬೇಕು ಎನ್ನುವುದು ಭಾವನ ಹಟ. ಅಕ್ಕನ ಮೊಣಕಾಲು ಕೆಟ್ಟು, ನಮ್ಮ ಮನೆಯ ಒಂದು ಮೆಟ್ಟಿಲನ್ನೂ ಅವಳು ಗೋಡೆ ಹಿಡಿದೇ ಹತ್ತುತ್ತಿದ್ದಳು. ಅದನ್ನು ದಿನಾ ನೋಡುತ್ತಿದ್ದ ಮನುಷ್ಯ.

ನಮ್ಮೂರ ಸಮುದ್ರ ನೋಡಲು ಜನ ಮುಗಿಬಿದ್ದರು. ಹೋಟೆಲುಗಳು ಎದ್ದವು, ವಿಮಾನದಲ್ಲಿ ಸೀಟು ಸಿಗದಾಯಿತು. ಕಂಪನಿಯವರು ದೊಡ್ಡ ವಿಮಾನವನ್ನೇ ಬಿಟ್ಟರು. ಅದರ ಎತ್ತರಕ್ಕೆ ಹಳೆಯ ಏಣಿ ಎಟುಕದೆ ಮೋಟಾರು ಏಣಿ ಬಂತು. ಹಳಬರಲ್ಲಿ ಭಾವನನ್ನು ಮಾತ್ರ ಉಳಿಸಿಕೊಂಡರು, ಅದೂ ಪರೀಕ್ಷೆಗೆಂದು. ಒಂದು ತಪ್ಪಾದರೂ ಮನೆಗೆ. ಆ ವಯಸ್ಸಿನವರಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ನಮ್ಮ ಮೂವರ ಊಟ ಆ ಏಣಿಯ ಮೇಲೆ ನಿಂತಿತ್ತು.

"ಹಲಗೆ ಹೊಸ್ತಿಲಿಗಿಂತ ನಾಲ್ಕು ಬೆರಳು ತಗ್ಗಿರ್ಬೇಕಂತೆ," ಎಂದರು ಭಾವ, ಊಟಕ್ಕೆ ಕೂತು. "ಜನ, ಸಾಮಾನು ತುಂಬಿದ ಹಾಗೆ ಈ ವಿಮಾನ ಕೆಳಗಿಳಿಯತ್ತೆ. ನಿಮ್ಮಕ್ಕ ಮಂಚದ ಮೇಲೆ ಕೂತ್ರೆ ಮಂಚ ಇಳಿಯೋ ಹಾಗೆ."

"ಹೌದೌದು, ನೀವು ಬೇಯಿಸಿ ಹಾಕಿದ್ದು ತಿಂದೂ ತಿಂದೂ ಊದಿದೀನಿ," ಎಂದಳು ಅಕ್ಕ.

ಮುಂದಿನದನ್ನು ಭಾವ ನನ್ನೊಬ್ಬಳಿಗೇ ಹೇಳಿದ್ದು. ಒಂದು ದಿನ ಆ ದೊಡ್ಡ ವಿಮಾನಕ್ಕೆ ಮೊದಲು ಹತ್ತಿದವಳು ಒಬ್ಬ ಅಜ್ಜಿ. ತುದಿಗೆ ಹೋಗಿ, ಹೊಸ್ತಿಲ ಮೇಲಿಡಲು ಕಾಲೆತ್ತಿದಳು, ಹಿಂದಕ್ಕಿಟ್ಟಳು. ಮತ್ತೆ ಎತ್ತಿದಳು, ಮತ್ತೆ ಇಟ್ಟಳು. ಕೆಳಗೆ ನಿಂತವರು ಗೊಣಗತೊಡಗಿದರು. ಭಾವ ಗುಂಡಿ ಒತ್ತಿ ಹಲಗೆಯನ್ನು ಸಮಕ್ಕೆ ಏರಿಸಿದರು. ಅಜ್ಜಿ ಒಳಗೆ ಹೋದಳು. ಸಾಲು ಕಡಿದ ಕೂಡಲೇ ಇಳಿಸಿದರಾಯಿತು ಎಂದುಕೊಂಡರು. ಪುಟ್ಟ ವಿಮಾನದ ಸಾಲು ನೋಡನೋಡುತ್ತಲೇ ಮುಗಿದುಹೋಗುತ್ತಿತ್ತಲ್ಲ. ಇದು ಮುಗಿಯಲೇ ಇಲ್ಲ. ಬಂದರು, ಬಂದರು, ಬರುತ್ತಲೇ ಇದ್ದರು. ನಡೆಯುತ್ತಿರುವ ಜನರ ಕಾಲ ಕೆಳಗಿಂದ ಹಲಗೆ ಇಳಿಸುವುದು ಹೇಗೆ? ಅಷ್ಟರಲ್ಲಿ ವಿಮಾನ ಭಾರಕ್ಕೆ ಕುಸಿಯಿತು, ತೆರೆದಿದ್ದ ಬಾಗಿಲಿನ ಅಂಚು ಹಲಗೆಯ ಮೇಲೆ ಕೂತು, ಬಾಗಿಲ ಕೀಲು ಬಾಗಿತು.

ಎಲ್ಲರನ್ನೂ ಇಳಿಸಿದರು. ವಿಮಾನ ಹೊರಡಲಿಲ್ಲ.

"ನಾಲ್ಕು ಬೆರಳು ಅಂತ ನಿಮಗೆ ಹೇಳಿದ್ದೆ ತಾನೇ?" ಎಂದನಂತೆ ಮೇಲ್ವಿಚಾರಕ.

"ಹೇಳಿದ್ರಿ ಸಾರ್."

ಅಷ್ಟಕ್ಕೇ ಕೆಲಸ ಹೋಯಿತು.

"ಅಜ್ಜಿ ವಿಷಯ ಹೇಳ್ಬಾರ್ದಿತ್ತಾ ಭಾವ?" ಎಂದೆ.

"ಹೇಳಿದ್ರೆ ಕೀಲು ನೆಟ್ಟಗಾಗ್ತಿತ್ತಾ?"

ಆಮೇಲೆ ಮನೆಯಲ್ಲಿ ತಮಾಷೆಯ ಮಾತು ನಿಂತಿತು. ನಾನು ಹೋಟೆಲಿನ ಹಾಸಿಗೆ ಬಟ್ಟೆ ಒಗೆಯಲು ಹೋದೆ. ದೊಡ್ಡ ವಿಮಾನದ ಸದ್ದು ಕೇಳಿದರೆ ಭಾವ ಎದ್ದು ಬೂಟು ಹಾಕಿಕೊಳ್ಳುತ್ತಿದ್ದರು, ಲೇಸು ಕಟ್ಟುವಷ್ಟರಲ್ಲಿ ನೆನಪಾಗಿ ಬಿಚ್ಚುತ್ತಿದ್ದರು. ಅಕ್ಕ ಒಂದು ದಿನ ಆ ಬೂಟನ್ನು ಬಚ್ಚಿಟ್ಟಳು. ಅವರು ಹುಡುಕಲೇ ಇಲ್ಲ. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು, ಎದೆ ಹಿಡಿದುಕೊಂಡು ಮಲಗಿಬಿಟ್ಟರು.

ಆಂಬುಲೆನ್ಸಿನವರು ಅವರನ್ನು ಎತ್ತಿ ಒಳಗೆ ಜಾರಿಸುವಾಗ ಕಣ್ಣು ಬಿಟ್ಟು ಕೆಳಗೆ ನೋಡಿದರು. "ಮೆಟ್ಲು ಬಹಳ ತಗ್ಗಾಯ್ತಪ್ಪಾ," ಎಂದರು. "ಹಿಂದೆ ಅವಳು ಹತ್ಬೇಕು."

"ಹೊತ್ತಾಗತ್ತೆ ಯಜಮಾನ್ರೇ," ಎಂದ ಒಬ್ಬ.

ಅಕ್ಕ ಬಾಗಿಲ ಕಂಬಿ ಹಿಡಿದು ಕಾಲೆತ್ತಿದಳು. ಆಗಲಿಲ್ಲ. ಮತ್ತೆ ಎತ್ತಿದಳು. ಕೊನೆಗೆ ಪಕ್ಕಕ್ಕೆ ಸರಿದು, "ನೀನು ಹೋಗೇ," ಎಂದಳು.

ನಾನು ಹತ್ತಿದೆ. ದಾರಿಯುದ್ದಕ್ಕೂ ಭಾವ ಬಾಗಿಲ ಕಡೆಗೇ ನೋಡುತ್ತಿದ್ದರು. ಆಸ್ಪತ್ರೆ ತಲುಪುವ ಮೊದಲೇ ಆ ನೋಟ ನಿಂತುಹೋಯಿತು.