ಕೌದಿ ಒಣಗುವಷ್ಟರಲ್ಲಿ

ಆಗ ನಮ್ಮ ರಾಯಚೂರಿನಲ್ಲಿ ವಾಕಿಂಗ್ ಅನ್ನುವುದು ಡಾಕ್ಟರು ಸಕ್ಕರೆ ಕಾಯಿಲೆಯವರಿಗೆ ಬರೆದುಕೊಡುವ ಔಷಧಿಯಾಗಿತ್ತೇ ಹೊರತು ಯಾರೂ ಖುಷಿಗಾಗಿ ಮಾಡುವ ಕೆಲಸವಾಗಿರಲಿಲ್ಲ. ಗಂಡಸು ಸುಮ್ಮನೆ ನಡೆದರೆ ಪೋಲಿ ತಿರುಗುತ್ತಾನೆ ಅನ್ನುತ್ತಿದ್ದರು. ಹೆಂಗಸು ಸುಮ್ಮನೆ ನಡೆದರೆ ಏನನ್ನುತ್ತಿದ್ದರೋ ಗೊತ್ತಿಲ್ಲ, ಯಾಕೆಂದರೆ ಯಾರೂ ಹಾಗೆ ನಡೆಯುತ್ತಲೇ ಇರಲಿಲ್ಲ. ನಮ್ಮ ನೀಲತ್ತಿಯೊಬ್ಬಳನ್ನು ಬಿಟ್ಟು.

ನೀಲತ್ತಿ ನಮ್ಮಪ್ಪನ ಕೊನೆಯ ತಂಗಿ. ಅವಳಿಗೆ ಹತ್ತೊಂಬತ್ತು, ನನಗೆ ಹನ್ನೊಂದು. ಕೋಟೆಗೋಡೆಗೆ ಹತ್ತಿದ ಓಣಿಯಲ್ಲಿ ಎರಡೇ ಖೋಲಿಯ ಮನೆ ನಮ್ಮದು. ಆ ಎರಡು ಖೋಲಿ ಅವಳಿಗೆ ಎಲ್ಲಿ ಸಾಲಬೇಕು? ರೊಟ್ಟಿ ಬಡಿಯುವಾಗಲೂ ಅವಳ ಒಂದು ಕಾಲು ಅಲುಗಾಡುತ್ತಲೇ ಇರುತ್ತಿತ್ತು. ಈಕಿ ಕಾಲಿಗೆ ಯಾರೋ ಗಿರಗಿರ ತಿರುಗೋ ಭಿಂಗ್ರಿ ಕಟ್ಟ್ಯಾರ ಎಂದು ಅಜ್ಜಿ ಬೈಯುತ್ತಿದ್ದಳು. ಬೈದು ಉಪಯೋಗವಿರಲಿಲ್ಲ, ಅದೇ ಭಿಂಗ್ರಿ ನನ್ನ ಕಾಲಿಗೂ ಬಂದಿತ್ತು.

ವಯಸ್ಸಿಗೆ ಬಂದ ಹುಡುಗಿ ಒಬ್ಬಳೇ ಹೊಸ್ತಿಲು ದಾಟುವಂತಿರಲಿಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಕೆಲಸ ಇದ್ದರೆ ದಾಟಬಹುದಿತ್ತು. ಮಗು ನಾನಾದೆ. ಕೆಲಸ ಒದಗಿಸಿದವಳು ಖೈರುನ್ ಖಾಲಾ. ಬೆಟ್ಟದ ಆಚೆ ಬದಿಯಲ್ಲಿ ಅವಳ ಮನೆ, ನೀಲತ್ತಿಯ ಮದುವೆ ಕುಪ್ಪಸಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ಬಜಾರಿನಲ್ಲಿ ಹಾದು ಹೋದರೆ ಹತ್ತು ನಿಮಿಷದ ದಾರಿ. ನಾವು ಆಮ್ ತಲಾಬ್ ಕೆರೆಯ ದಂಡೆ ಹಿಡಿದು, ಬೆಟ್ಟ ಹತ್ತಿ, ಬಂಡೆಗಳ ಸಂದಿಯಲ್ಲಿ ತೂರಿ, ಆಚೆ ಇಳಿದು ಒಂದೂವರೆ ತಾಸಿಗೆ ಮುಟ್ಟುತ್ತಿದ್ದೆವು. ದಾರಿಯಲ್ಲಿ ಕಾಡು ಸೀತಾಫಲ. ಕಣ್ಣು ಬಿಟ್ಟ ಕಾಯಿಗಳನ್ನು ಕಿತ್ತು ಅತ್ತಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಖಾಲಾ ನಮ್ಮ ಧೂಳುಗಾಲು ನೋಡಿ ಏನೂ ಕೇಳುತ್ತಿರಲಿಲ್ಲ. ಪ್ರತಿ ಕುಪ್ಪಸಕ್ಕೂ ಬೇಕೆಂದೇ ಸಲಕ್ಕೆ ಒಂದೇ ಹುಕ್ಕು ಹಚ್ಚಿ, ಗಟ್ಟಿ ದನಿಯಲ್ಲಿ ನಾಳೆ ಬರಲು ಹೇಳುತ್ತಿದ್ದಳು. ಒಂದು ಕುಪ್ಪಸಕ್ಕೆ ಆರು ಹುಕ್ಕು, ಅಂದರೆ ಆರು ಸಲ ಬೆಟ್ಟ. ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಬೆಟ್ಟದ ನೆತ್ತಿಯ ಮೇಲೆ ನಿಂತರೆ ದೂರದಲ್ಲಿ ಶಕ್ತಿನಗರದ ಚಿಮಣಿಗಳ ಹೊಗೆ ಕಾಣುತ್ತಿತ್ತು. ಅಲ್ಲಿ ಕೃಷ್ಣಾ. ಬೆನ್ನ ಹಿಂದೆ ಎಲ್ಲೋ ತುಂಗಭದ್ರಾ. ಎರಡು ಹೊಳೆಗಳ ನಡುವೆ ಹುಟ್ಟಿ, ನಳಕ್ಕೆ ಕೊಡ ಸಾಲಿಟ್ಟುಕೊಂಡೇ ಬೆಳೆದ ನೀಲತ್ತಿ ಅಲ್ಲಿಯವರೆಗೆ ಒಂದು ಹೊಳೆಯನ್ನೂ ನೋಡಿರಲಿಲ್ಲ. ದೀಪಾವಳಿ ಆದ ಮೇಲೆ ದೇವದುರ್ಗದ ಕಡೆ ಅವಳ ಮದುವೆ. ಆ ಮನೆಯ ಹೆಣ್ಣುಮಕ್ಕಳು ಹೊರಗೆ ತಿರುಗುವುದಿಲ್ಲ ಎಂದು ಬೀಗರು ಹೇಳಿದ್ದನ್ನು ಅಜ್ಜಿ ಓಣಿಗೆಲ್ಲ ಹೆಮ್ಮೆಯಿಂದ ಸಾರಿಬಂದಿದ್ದಳು.

“ಹೋಗೋದ್ರೊಳಗ ಒಂದ್ ಸಲ ಹೊಳಿ ಮಟ ಹೋಗಬೇಕಲೇ ಸವ್ವಿ,” ಎಂದಳು ಅತ್ತಿ ಒಂದು ದಿನ, ಬಂಡೆಯ ಮೇಲೆ ಕೂತು ಸೀತಾಫಲದ ಬೀಜ ಉಗುಳುತ್ತ. “ನಡಕೊಂತ.”

ಬಸ್ಸಿಗೆ ಹೋದರೇನು ಎಂದು ನಾನು ಕೇಳಿದೆ.

“ಬಸ್ಸಿನಾಗ ಹೋದ್ರ ಯಾರೋ ಕರಕೊಂಡು ಹೋದಂಗ. ನಾವಾಗೇ ಹೋಗಬೇಕು.”

ನನಗೆ ಅದು ಪೂರ್ತಿ ತಿಳಿಯಲಿಲ್ಲ. ಆದರೆ ಅಂದಿನಿಂದ ನನಗೂ ರಾತ್ರಿ ನಿದ್ದೆ ಬೇಗ ಹತ್ತದಂತಾಯಿತು.

ದಸರೆಗೆ ಮುಂಚೆ ಮನೆಯ ಹಾಸಿಗೆ, ಹೊದಿಕೆ, ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿಗಳನ್ನೆಲ್ಲ ತೊಳೆಯುವ ಪದ್ಧತಿ ನಮ್ಮ ಕಡೆ. ಮಾನ್ವಿಯ ಹತ್ತಿರದ ಹಳ್ಳಿಯಲ್ಲಿ ನೀಲತ್ತಿಯ ಅಕ್ಕ ಇದ್ದಳು, ನಮಗೆ ದೊಡ್ಡತ್ತಿ. ಕಾಲುವೆಗೆ ನೀರು ಬಂದಿದೆ, ಕೌದಿ ತೊಳೆಯಲು ಕೈಜೋಡಿಸುವ ಜನ ಬೇಕು, ತಂಗಿಯನ್ನು ಕಳಿಸಿ ಎಂದು ಹೇಳಿಕಳಿಸಿದಳು. ಶಾಲೆಗೆ ರಜೆ ಬಿದ್ದಿತ್ತು. ಪರವಾನಗಿ ಚೀಟಿಯಂತೆ ನಾನೂ ಜೊತೆಗೆ ಹೊರಟೆ.

ಮರುದಿನ ಬೆಳಿಗ್ಗೆಯೇ ದೊಡ್ಡತ್ತಿ ಆರು ಕೌದಿ ಕಟ್ಟಿಕೊಟ್ಟಳು, ಬುತ್ತಿಗೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ಅಬ್ಬಾ, ಆ ಕಾಲುವೆ! ನಳದ ನೀರು, ಕೆರೆಯ ನಿಂತ ನೀರು ಬಿಟ್ಟರೆ ಬೇರೆ ನೀರು ಕಾಣದ ನಾನು ನೋಡುತ್ತಲೇ ನಿಂತೆ. ದಂಡೆ ತುಂಬಿ, ಕೆಮ್ಮಣ್ಣಿನ ಬಣ್ಣದ ನೀರು, ಸದ್ದಿಲ್ಲದೆ ಓಡುತ್ತಿತ್ತು. ನೆನೆದ ಕೌದಿ ಎತ್ತುವುದೆಂದರೆ ಎಮ್ಮೆ ಕರುವನ್ನು ಎತ್ತಿದ ಹಾಗೆ. ಇಬ್ಬರೂ ಆಚೆ ಈಚೆ ಹಿಡಿದು ಹಿಂಡಿ, ದಂಡೆಯ ಹುಲ್ಲಿನ ಮೇಲೆ ಹರಡಿದೆವು. ಗಾಳಿಗೆ ಹಾರದಿರಲೆಂದು ಅಂಚಿಗೆ ಕಲ್ಲಿಟ್ಟೆವು. ಕಲ್ಲು ಸಾಲದ್ದಕ್ಕೆ ಕೊನೆಯ ಕೌದಿಯ ಮೇಲೆ ಅತ್ತಿ ತನ್ನ ಚಪ್ಪಲಿ ಇಟ್ಟಳು, ನನ್ನವನ್ನೂ ಇಡಿಸಿದಳು.

ಆಮೇಲೆ ಸೂರ್ಯನ ಕಡೆ ನೋಡಿದಳು. ಕೌದಿ ಒಣಗಲು ಸಂಜೆಯಾಗುತ್ತದೆ, ಅಲ್ಲಿಯವರೆಗೆ ಯಾರೂ ಕೇಳುವುದಿಲ್ಲ ಎಂದಳು. ಹೊಳೆ ಅಲ್ಲಿಂದ ಒಂದೂವರೆ ಹರದಾರಿ ಎಂದು ಹಿಂದಿನ ದಿನವೇ ವಿಚಾರಿಸಿ ಇಟ್ಟುಕೊಂಡಿದ್ದಳು. ಸೇತುವೆ ದಾಟಿದರೆ ಬಂಡಿದಾರಿ, ಅದು ನೆಟ್ಟಗೆ ಹೊಳೆಗೆ.

ಇಲ್ಲಿ ನಾನು ನನ್ನ ಜಾಣತನ ತೋರಿಸಿದೆ. ಹರಿಯುವ ನೀರೆಲ್ಲ ಕಡೆಗೆ ಹೊಳೆ ಸೇರುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದರು, ಪರೀಕ್ಷೆಯಲ್ಲಿ ಅದನ್ನು ಬರೆದು ಪೂರ್ತಿ ಅಂಕ ತೆಗೆದಿದ್ದೆ. ಬಂಡಿದಾರಿಯಲ್ಲಿ ಯಾರಾದರೂ ನೋಡುತ್ತಾರೆ, ದಾರಿ ತಪ್ಪಿದರೂ ತಪ್ಪಬಹುದು, ಕಾಲುವೆ ಹಿಡಿದು ನಡೆದರೆ ನೀರೇ ನಮ್ಮನ್ನು ಮುಟ್ಟಿಸುತ್ತದೆ ಎಂದು ಹಟ ಹಿಡಿದೆ. ನೀಲತ್ತಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಂಡಿದಾರಿಯ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು.

“ನೀ ಓದಾಕಿ. ನಿನಗ ಗೊತ್ತಿರತದ. ನಡಿ,” ಎಂದಳು.

ನಡೆದೆವು. ಏನು ನಡೆದೆವು! ಎರಡೂ ಕಡೆ ಎದೆಮಟ್ಟದ ಭತ್ತ, ಹಾಲು ತುಂಬುವ ತೆನೆಯ ವಾಸನೆ, ಕಾಲಡಿಯಲ್ಲಿ ತಂಪು ಮಣ್ಣು. ಯಾವ ಕೆಲಸವೂ ಇಲ್ಲ, ಕೈಯಲ್ಲಿ ಗಿರಣಿಯ ಹಿಟ್ಟಿನ ಡಬ್ಬಿ ಇಲ್ಲ, ಕುಪ್ಪಸದ ಗಂಟು ಇಲ್ಲ. ಅತ್ತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಂಡುಮಗನ ಹಾಗೆ ಬೀಸುಗಾಲು ಹಾಕುತ್ತಿದ್ದಳು, ನಾನು ಹಿಂದೆ ಓಡುತ್ತಿದ್ದೆ. ಒಂದು ಕಡೆ ಕಾಲುವೆ ಕವಲೊಡೆಯಿತು, ದೊಡ್ಡದನ್ನು ಹಿಡಿದೆವು. ಮತ್ತೆ ಕವಲೊಡೆಯಿತು. ಅದರಲ್ಲೂ ದೊಡ್ಡದನ್ನೇ ಹಿಡಿದೆವು. ಮೂರನೆಯ ಸಲ ಹೊತ್ತಿಗೆ ದೊಡ್ಡದು ಅನ್ನುವುದನ್ನು ಅತ್ತಿ ಒಂದೇ ಜಿಗಿತಕ್ಕೆ ದಾಟುವಂತಾಗಿತ್ತು. ದಾರಿ ತಪ್ಪಿತೇನೋ ಎಂದು ನನಗೆ ಅನುಮಾನ ಬಂತು. ಆದರೂ ಇನ್ನೇನು ಬಂತು, ಆ ಗಿಡ ದಾಟಿದರೆ ಬಂತು ಎಂದು ಅವಳನ್ನು ಎಳೆದುಕೊಂಡು ಹೋದೆ.

ಗಿಡ ದಾಟಿದೆವು. ಅಲ್ಲಿ ಗೇಣಗಲದ ನೀರು ಒಂದು ಗದ್ದೆಯೊಳಗೆ ಇಳಿದು, ಭತ್ತದ ಬುಡದಲ್ಲಿ ನಿಂತುಬಿಟ್ಟಿತ್ತು. ಅದರಾಚೆ ಬರೀ ಎರೆಭೂಮಿ, ಒಣ ಹತ್ತಿ.

ಬದುವಿನ ಮೇಲೆ ಸಲಿಕೆ ಹಿಡಿದ ಒಬ್ಬ ಮುದುಕ ಕೂತಿದ್ದ, ನೀರು ಕಟ್ಟುವವನು. ಬರಿಗಾಲಿನ ಇಬ್ಬರನ್ನು ಕಂಡು ಎಲ್ಲಿಗೆ ಹೊರಟಿರೆಂದು ಕೇಳಿದ. ಹೊಳೆಗೆ ಅಂದೆವು. ಅವನು ನಗಲಿಲ್ಲ, ಅದನ್ನು ನಾನು ಇವತ್ತಿಗೂ ನೆನೆಯುತ್ತೇನೆ.

“ಇದು ಹೊಳಿಗೆ ಹೋಗಂಗಿಲ್ಲ ಯವ್ವಾ, ಹೊಲಕ್ಕ ಬರತದ,” ಎಂದ. “ಹೊಳಿ ಮುಂದ ಹೋದಂಗ ಅಗಲ ಆಗತದ. ಕಾಲುವಿ ಮುಂದ ಹೋದಂಗ ಸಣ್ಣ ಆಗತದ. ನೀವು ಬಂದ ದಾರಿ ನೋಡಿದ್ರ ತಿಳೀತಿತ್ತು.” ಹೊಳೆ ಎಲ್ಲಿ ಎಂದು ಕೇಳಿದ್ದಕ್ಕೆ ನಮ್ಮ ಹೆಗಲ ಮೇಲಿಂದ ಹಿಂದಕ್ಕೆ ಸಲಿಕೆ ತೋರಿಸಿದ.

ನೀಲತ್ತಿ ಬದುವಿನ ಮೇಲೆ ಕೂತಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಆ ಕೊನೆಯ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು, ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ನನಗೊಂದು ತುಂಡು, ಮುದುಕನಿಗೊಂದು ತುಂಡು ಕೊಟ್ಟು, ತಾನು ತಿನ್ನಲಿಲ್ಲ.

ವಾಪಸು ಬರುವಾಗ ಹೊತ್ತು ಇಳಿಯುತ್ತಿತ್ತು. ದೂರದಿಂದಲೇ ಕಾಲುವೆ ದಂಡೆಯ ಮೇಲೆ ಜನ ಕಂಡರು. ನಾಲ್ಕಾರು ಗಂಡಸರು ಎದೆಯುದ್ದ ನೀರಲ್ಲಿ ನಿಂತು ಬಿದಿರು ಗಳ ಚುಚ್ಚುತ್ತಿದ್ದರು. ದೊಡ್ಡತ್ತಿ ಕೌದಿಯ ಪಕ್ಕದಲ್ಲಿ ಕುಸಿದು ಕೂತಿದ್ದಳು, ಮಡಿಲಲ್ಲಿ ನಮ್ಮಿಬ್ಬರ ನಾಲ್ಕು ಚಪ್ಪಲಿ. ತುಂಬಿದ ಕಾಲುವೆ, ದಂಡೆಯ ಮೇಲೆ ಚಪ್ಪಲಿ, ಮದುವೆ ಗೊತ್ತಾದ ಹುಡುಗಿ. ಊರು ಏನು ತಿಳಿಯಬೇಕೋ ಅದನ್ನೇ ತಿಳಿದಿತ್ತು.

ನಮ್ಮನ್ನು ಕಂಡು ದೊಡ್ಡತ್ತಿ ಎದ್ದು ಬಂದು ನನ್ನ ಮೈಯೆಲ್ಲ ಮುಟ್ಟಿ ನೋಡಿದಳು. ಎಲ್ಲಿಗೆ ಹೋಗಿದ್ದಿರಿ ಎಂದು ತಂಗಿಯನ್ನು ಕೇಳಿದಳು. ದಾರಿ ತಪ್ಪಿಸಿದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ನೀಲತ್ತಿ ನನ್ನ ಕೈ ಹಿಸುಕಿದಳು.

“ನಂದೇ ತಪ್ಪಕ್ಕಾ,” ಎಂದಳು. “ಸುಮ್ಮನ ನಡಕೊಂತ ಹೋಗಿದ್ದೆ.”

ಸುಮ್ಮನೆ. ಇಡೀ ಊರೆದುರು ಆ ಮಾತು ಆಡಿದ್ದು ಅವಳೊಬ್ಬಳೇ.

ರಾಯಚೂರಿಗೆ ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು. ಅಜ್ಜಿ ಹೊಡೆಯಲಿಲ್ಲ, ಬಡಿಯಲಿಲ್ಲ. ಅತ್ತಿಯ ಜೊತೆ ಹೊರಗೆ ಕಾಲಿಡಬಾರದೆಂದು ನನಗೆ ಹೇಳಿದಳು, ಅಷ್ಟು ಸಾಕಾಯಿತು. ನಾನಿಲ್ಲದೆ ಅವಳಿಗೆ ಹೊಸ್ತಿಲು ಮುಚ್ಚಿತು. ಮರುವಾರ ಖೈರುನ್ ಖಾಲಾ ಎಲ್ಲ ಹುಕ್ಕುಗಳನ್ನೂ ಹಚ್ಚಿ, ಕುಪ್ಪಸಗಳನ್ನು ಮಗನ ಕೈಯಲ್ಲಿ ಮನೆಗೇ ಕಳಿಸಿಕೊಟ್ಟಳು. ಅದನ್ನು ನೋಡಿ ನೀಲತ್ತಿ ಅತ್ತಳು. ಮದುವೆಯಲ್ಲೂ ಅಷ್ಟು ಅಳಲಿಲ್ಲ.

ಈಗ ನಾನು ಇದೇ ಊರಲ್ಲಿ ಮೇಷ್ಟ್ರಗಿತ್ತಿ. ಸುಮ್ಮನೆ ನಡೆಯಲು ಬೂಟು ಕೊಂಡಿದ್ದೇನೆ. ಬೆಳಿಗ್ಗೆ ಮೈದಾನದಲ್ಲಿ ನಾವು ಹೆಂಗಸರು ಹಿಂಡುಗಟ್ಟಿ ಸುತ್ತುತ್ತೇವೆ, ಹೆಜ್ಜೆಗಳನ್ನು ಫೋನು ಎಣಿಸುತ್ತದೆ, ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಆದರೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತೇವೆ. ಬೆಟ್ಟದ ಸೀತಾಫಲದ ದಾರಿ ನನಗೆ ಈಗ ಸಿಗುವುದಿಲ್ಲ, ಹುಡುಕಿದ್ದೇನೆ. ಆ ಹೊತ್ತಿನ ಚಡಪಡಿಕೆಯಂತೂ ಎಲ್ಲೂ ಸಿಗುವುದಿಲ್ಲ.

ಹೋದ ವರ್ಷ ದೇವದುರ್ಗಕ್ಕೆ ಹೋದಾಗ ನೀಲತ್ತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಬಸ್ಸಿನ ಕಿಟಕಿಯಿಂದ ಅವಳು ಕೃಷ್ಣೆಯನ್ನು ಎಷ್ಟೋ ಸಲ ನೋಡಿದ್ದಾಳೆ. ನನ್ನ ಹಟ ಅದಲ್ಲ. ಹೊಳೆ ಇನ್ನೂ ಅರ್ಧ ಮೈಲಿ ಇರುವಾಗಲೇ ಕಾರು ನಿಲ್ಲಿಸಿ, ಇಳಿ ಅತ್ತಿ, ನಡೆದು ಹೋಗೋಣ ಎಂದೆ. ಅವಳಿಗೆ ತಕ್ಷಣ ತಿಳಿಯಿತು. ನಕ್ಕು ಇಳಿದಳು, ಚಪ್ಪಲಿ ಕಾರಿನಲ್ಲೇ ಬಿಟ್ಟಳು. ನೂರು ಹೆಜ್ಜೆ ಬಂದಿದ್ದೆವೋ ಇಲ್ಲವೋ, ಮೊಣಕಾಲು ಹಿಡಿದುಕೊಂಡು ಒಂದು ಬೇವಿನ ಮರದ ಬುಡದಲ್ಲಿ ಕೂತುಬಿಟ್ಟಳು. ನಾನು ಕಾರು ತರಲು ತಿರುಗಿದೆ.

“ಬ್ಯಾಡ. ನೀ ಹೋಗಿ ಬಾ,” ಎಂದಳು. “ಯಾರರ ಕೇಳಿದ್ರ ನಾ ಜತಿಗದೀನಂತ ಹೇಳು.”

ಹೋದೆ. ಅಳುತ್ತಲೇ ಹೋದೆ, ಸುಳ್ಳೇಕೆ ಹೇಳಲಿ. ನೀರಿನಲ್ಲಿ ಕಾಲಿಟ್ಟು, ಬೊಗಸೆಯಲ್ಲಿ ಒಂದಿಷ್ಟು ತಂದು ಅವಳ ಪಾದಕ್ಕೆ ಸುರಿದೆ. ದಾರಿಯಲ್ಲಿ ಸೋರಿ ಕೆಲವೇ ಹನಿ ಉಳಿದಿತ್ತು.

ಅತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಮುಂದ ಹೋದಂಗ ಅಗಲ ಆಗತದೇನಲೇ?” ಎಂದು ಕೇಳಿದಳು.

“ಹೂಂ ಅತ್ತಿ. ಆಗತದ.”

“ಹಂಗಾರ ಅದು ಹೊಳೀನ ಬಿಡು,” ಎಂದು ಹೇಳಿ, ಒದ್ದೆ ಪಾದವನ್ನು ಒರೆಸಿಕೊಳ್ಳದೆ ಹಾಗೇ ಕೂತಳು.